ಕಡಿಮೆ ಖರ್ಚಿನಲ್ಲಿ ನೈಟ್‌ಕ್ಲಬ್ ದೃಶ್ಯವನ್ನು ಚಿತ್ರೀಕರಿಸುವ ಬಗೆ

ನಗರದ ಎಳೆಯರ ಬದುಕನ್ನು ಕುರಿತು ಚಿತ್ರ ಮಾಡಹೊರಟವರು ಒಂದಲ್ಲ ಒಂದು ಹಂತದಲ್ಲಿ ನೈಟ್‌ಕ್ಲಬ್ಬಿನ ದೃಶ್ಯವನ್ನು ಬರೆಯಬೇಕಾಗುತ್ತದೆ. ಕಿರುಚಿತ್ರಗಳಾಗಲಿ, ಹೊಸಬರ ಮೊದಲ ಚಿತ್ರಗಳಾಗಲಿ, ಹೆಚ್ಚಾಗಿ ಎಡವುವುದು ಅಲ್ಲಿಯೇ. ಬಣ್ಣದ ದೀಪ, ಹೊಗೆ, ಕುಣಿಯುವ ಕೈಕಾಲುಗಳೆಲ್ಲ ಇರುತ್ತವೆ; ಆದರೆ ಅಲ್ಲಿಗೆ ಬಂದವರು ಏಕೆ ಬಂದರು, ಒಬ್ಬರಿಗೊಬ್ಬರು ಏನು ಹೇಳಿಕೊಂಡರು ಎಂಬುದು ನೋಡುಗರಿಗೆ ದಕ್ಕುವುದೇ ಇಲ್ಲ. ಇಂಥ ದೃಶ್ಯದ ಜೀವ ಇರುವುದು ಮಾತಿನಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಬೆಳಕಿನ ಯೋಚನೆಗೆ ಮೊದಲು ಶಬ್ದದ ಯೋಚನೆ ಮಾಡಬೇಕು, ಕ್ಯಾಮೆರಾ ಬಾಡಿಗೆಗೆ ತರುವ ಮೊದಲು ಸಂಗೀತದ ವೇಗವನ್ನು ಗೊತ್ತುಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ, ಸಣ್ಣ ತಂಡದೊಂದಿಗೆ, ಸಣ್ಣ ಹಣದಲ್ಲಿ ಕೆಲಸ ಮಾಡುವವರನ್ನು ಕಣ್ಮುಂದೆ ಇಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಬರವಣಿಗೆ: ಬಾಗಿಲಿನಿಂದ ಆರಂಭಿಸಿ

ನಮ್ಮ ಚಿತ್ರಗಳಲ್ಲಿ ಕ್ಲಬ್ ಎಂದರೆ ಬಹುಕಾಲ ಖಳನಾಯಕನ ಅಡ್ಡೆ ಎಂದೇ ಅರ್ಥವಿತ್ತು. ನಾಯಕಿ ಅಲ್ಲಿಗೆ ಕಾಲಿಟ್ಟರೆ ಅಪಾಯ ಕಾದಿರುತ್ತಿತ್ತು, ನಾಯಕ ಬಂದು ಕಾಪಾಡುತ್ತಿದ್ದ. ಆ ಚೌಕಟ್ಟನ್ನು ಇಟ್ಟುಕೊಂಡು ಬರೆದರೆ ಪಾತ್ರಗಳು ಕ್ಲಬ್ಬಿನ ಒಳಗೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಅವರು ಕುಡಿಯಬೇಕು, ಕೆಡಬೇಕು, ಅಷ್ಟೇ. ವಿಟ್ ಸ್ಟಿಲ್‌ಮನ್ ಅವರ 1998ರ ‘ದಿ ಲಾಸ್ಟ್ ಡೇಸ್ ಆಫ್ ಡಿಸ್ಕೋ’ ಚಿತ್ರವನ್ನು ಒಮ್ಮೆ ನೋಡಿದರೆ ಬೇರೊಂದು ದಾರಿ ಕಾಣಿಸುತ್ತದೆ. ಎಂಬತ್ತರ ದಶಕದ ಆರಂಭದ ನ್ಯೂಯಾರ್ಕಿನಲ್ಲಿ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಇಬ್ಬರು ಯುವತಿಯರು ರಾತ್ರಿಯಾದರೆ ಡಿಸ್ಕೋ ಕ್ಲಬ್ಬಿಗೆ ಹೋಗುತ್ತಾರೆ. ಅಲ್ಲಿ ಕುಣಿಯುವುದಕ್ಕಿಂತ ಹೆಚ್ಚಾಗಿ ಅವರು ಮಾತಾಡುತ್ತಾರೆ. ಕೆಲಸದ ಬಗ್ಗೆ, ಗೆಳೆತನದ ಬಗ್ಗೆ, ಯಾರಿಗೆ ಯಾರು ತಕ್ಕವರು ಎಂಬ ಬಗ್ಗೆ ಹಗಲಿನಲ್ಲಿ ಆಡಲಾಗದ ಮಾತುಗಳನ್ನು ಅವರು ಅಲ್ಲಿ ಆಡುತ್ತಾರೆ. ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಎಂಬ ಆತಂಕವೇ ಅದರ ಕಥೆಯನ್ನು ಮುಂದಕ್ಕೆ ನಡೆಸುತ್ತದೆ.

ಬೆಂಗಳೂರಿನ ಕ್ಲಬ್ಬಿಗೂ ಬಾಗಿಲು ಇದೆ, ಮತ್ತು ಆ ಬಾಗಿಲಿನಲ್ಲಿ ನಡೆಯುವುದೆಲ್ಲ ದೃಶ್ಯಕ್ಕೆ ಒದಗುವ ಸಾಮಗ್ರಿ. ‘ಸ್ಟ್ಯಾಗ್ ಎಂಟ್ರಿ ಇಲ್ಲ, ಕಪಲ್ಸ್ ಮಾತ್ರ’ ಎಂದು ಬೌನ್ಸರ್ ಕೈ ಅಡ್ಡ ಇಟ್ಟಾಗ ಮೂವರು ಹುಡುಗರ ಗುಂಪಿನಲ್ಲಿ ಏನಾಗುತ್ತದೆ, ಕವರ್ ಚಾರ್ಜನ್ನು ಯಾರು ಕೊಡುತ್ತಾರೆ, ಯಾರು ಫೋನ್ ಹೊರತೆಗೆಯದೆ ಸುಮ್ಮನೆ ನಿಲ್ಲುತ್ತಾರೆ, ಗುರುತಿನ ಚೀಟಿ ಕೇಳಿದಾಗ ಯಾರ ಮುಖ ಸಣ್ಣದಾಗುತ್ತದೆ, ಇವೆಲ್ಲ ಪಾತ್ರಗಳ ನಡುವಿನ ಅಂತರವನ್ನು ಒಂದೂ ವಿವರಣೆಯಿಲ್ಲದೆ ತೋರಿಸುತ್ತವೆ. ಬಾಗಿಲಲ್ಲಿ ನಿಂತವನು ಕನ್ನಡದಲ್ಲಿ ಗದರಿಸುತ್ತಾನೆ, ಒಳಗೆ ಆರ್ಡರ್ ತೆಗೆದುಕೊಳ್ಳುವವನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾನೆ. ಊರಿನಿಂದ ಬಂದ ಹುಡುಗನೊಬ್ಬ ಆ ಎರಡು ಹೆಜ್ಜೆಗಳಲ್ಲಿ ತನ್ನ ಭಾಷೆ ಬದಲಾಯಿಸಿಕೊಳ್ಳುತ್ತಾನೆ. ಇದನ್ನು ಗಮನಿಸಿ ಬರೆಯುವವರು ಇನ್ನೂ ಕಡಿಮೆ ಎಂಬುದು ನನ್ನ ಕೊರಗು.

ಊರಿನ ಗಡಿಯಾರವೂ ಕಥೆಗೆ ನೆರವಾಗುತ್ತದೆ. ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿರುವುದರಿಂದ, ಮಹಡಿಯ ಮೇಲಿನ ಪಬ್ಬಿನಲ್ಲಿ 10 ಗಂಟೆಗೆ ಸಂಗೀತ ತಗ್ಗಬೇಕು ಇಲ್ಲವೇ ಮುಚ್ಚಿದ ಒಳಾಂಗಣಕ್ಕೆ ಸರಿಯಬೇಕು. ಮೆಟ್ರೋದ ಕೊನೆಯ ರೈಲುಗಳು 11ರ ಆಸುಪಾಸಿಗೆ ಹೊರಟುಹೋಗುತ್ತವೆ. ಒಂದು ಗಂಟೆಗೆ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಳ್ಳುತ್ತವೆ, ಮತ್ತು ಅಲ್ಲಿಯವರೆಗೆ ಚೆಲುವಾಗಿ ಕಂಡ ಜಾಗ ಚೆಲ್ಲಿದ ಬಿಯರಿನ ಅಂಟು ನೆಲವಾಗಿ ಬಿಡುತ್ತದೆ. ರೈಲು ತಪ್ಪಿಸಿಕೊಂಡವರು ಮೀಟರಿನ ಒಂದೂವರೆ ಪಟ್ಟು ಕೇಳುವ ಆಟೋದವರೊಂದಿಗೆ ಚೌಕಾಸಿಗೆ ಇಳಿಯುತ್ತಾರೆ. ಬೈಕ್ ತಂದವನು ಪೊಲೀಸರ ಊದುಯಂತ್ರವನ್ನು ನೆನೆದು ಹಿಂಜರಿಯುತ್ತಾನೆ, ಏಕೆಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಅಪರಾಧ. ಬರೆಯುವ ಹಂತದಲ್ಲಿಯೇ ನಿಮ್ಮ ದೃಶ್ಯ ಈ ಗಡಿಯಾರದಲ್ಲಿ ಎಷ್ಟು ಗಂಟೆಗೆ ನಡೆಯುತ್ತದೆ ಎಂದು ಚಿತ್ರಕಥೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ನಟರಿಗೂ ಛಾಯಾಗ್ರಾಹಕರಿಗೂ ಅದು ಕೈಮರವಾಗುತ್ತದೆ.

ಕಥೆ ಯಾವ ವರ್ಷದ್ದು ಎಂಬುದನ್ನೂ ಅಲ್ಲಿಯೇ ತೀರ್ಮಾನಿಸಬೇಕು. ತೊಂಬತ್ತರ ದಶಕದ ಪಬ್ಬುಗಳ ಕಥೆಯಾದರೆ ಮಹಾತ್ಮ ಗಾಂಧಿ ರಸ್ತೆಯ ಮೇಲೆ ಮೆಟ್ರೋ ಸೇತುವೆ ಕಾಣಿಸಕೂಡದು. ಅಲ್ಲಿ ಮೊದಲ ರೈಲು ಓಡಿದ್ದು 2011ರ ಅಕ್ಟೋಬರಿನಲ್ಲಿ. ಚರ್ಚ್ ಸ್ಟ್ರೀಟಿನ ಈಗಿನ ಕಲ್ಲುಹಾಸು 2018ರದು. ಮೇಜಿನ ಮೇಲೆ ಹುಕ್ಕಾ ಇಡುವ ಆಸೆಯಿದ್ದರೆ ಕಥೆ 2024ರ ಫೆಬ್ರವರಿಗೆ ಮುಂಚಿನದಾಗಿರಲಿ, ಆ ತಿಂಗಳಲ್ಲಿ ರಾಜ್ಯ ಸರ್ಕಾರ ಹುಕ್ಕಾವನ್ನು ನಿಷೇಧಿಸಿತು.

ಲಯವನ್ನು ಮೊದಲು ಕಟ್ಟಿಕೊಳ್ಳಿ

ಸಂಕಲನದ ಮೇಜಿನಲ್ಲಿ ಕ್ಲಬ್ ದೃಶ್ಯ ಒಡೆದುಹೋಗುವುದಕ್ಕೆ ಮುಖ್ಯ ಕಾರಣ, ಕುಣಿಯುವವರು ಒಂದು ಲಯದಲ್ಲಿ ಇದ್ದು ಕೊನೆಗೆ ಹಾಕಿದ ಸಂಗೀತ ಇನ್ನೊಂದು ಲಯದಲ್ಲಿ ಇರುವುದು. ಇದನ್ನು ತಪ್ಪಿಸುವ ಉಪಾಯ ಸರಳವಾದದ್ದು. ಚಿತ್ರೀಕರಣಕ್ಕೆ ಮೊದಲೇ ಸಂಗೀತ ನಿರ್ದೇಶಕರೊಂದಿಗೆ ಕುಳಿತು ನಿಮಿಷಕ್ಕೆ ಎಷ್ಟು ಬೀಟ್ ಎಂಬುದನ್ನು ನಿಶ್ಚಯಿಸಿ, ಆ ಸಂಖ್ಯೆಯನ್ನು ಮುಂದೆ ಯಾರೂ ಬದಲಾಯಿಸದಂತೆ ನೋಡಿಕೊಳ್ಳಿ. ಹಾಡು ಸಿದ್ಧವಿರಬೇಕೆಂದೇನೂ ಇಲ್ಲ. ಕೇವಲ ಡ್ರಮ್ ಬಡಿತವಿರುವ ಒಂದು ಟ್ರ್ಯಾಕ್ ಸಾಕು, ಕೊನೆಯ ಹಾಡು ಅದೇ ವೇಗದಲ್ಲಿ ಬಂದರೆ ಎಲ್ಲರ ಹೆಜ್ಜೆಯೂ ಕೂಡಿಕೊಳ್ಳುತ್ತದೆ. 1977ರ ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರ ಇವತ್ತು ಬೀ ಜೀಸ್ ತಂಡದ ಹಾಡುಗಳಿಲ್ಲದೆ ನೆನಪಿಗೇ ಬಾರದು. ಆದರೆ ಚಿತ್ರೀಕರಣದ ಆರಂಭದಲ್ಲಿ ಆ ತಂಡ ಇರಲೇ ಇಲ್ಲವೆಂದೂ ತಾನು ಬೇರೆ ಗಾಯಕರ ಹಾಡುಗಳಿಗೆ ಕುಣಿದೆನೆಂದೂ ಅದರ ನಾಯಕ ಜಾನ್ ಟ್ರವೋಲ್ಟಾ ಮುಂದೊಮ್ಮೆ ಹೇಳಿದ್ದಾರೆ.

ಯಾವ ವೇಗವನ್ನು ಆಯ್ದುಕೊಳ್ಳಬೇಕು? ನನ್ನ ಸಲಹೆ 120. ಡಿಸ್ಕೋ ಮತ್ತು ಹೌಸ್ ಎಂಬ ಬಗೆಯ ಕ್ಲಬ್ ಸಂಗೀತಕ್ಕೆ ಅದು ಸಹಜವಾದ ವೇಗ ಎಂಬುದು ಒಂದು ಕಾರಣವಾದರೆ, ಲೆಕ್ಕ ಸುಲಭ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸೆಕೆಂಡಿಗೆ 24 ಫ್ರೇಮಿನಂತೆ ಚಿತ್ರೀಕರಿಸಿದರೆ 120 ಬೀಟ್‌ನ ಸಂಗೀತದಲ್ಲಿ ಪ್ರತಿ ಬಡಿತಕ್ಕೂ ಸರಿಯಾಗಿ 12 ಫ್ರೇಮು ಬೀಳುತ್ತದೆ, ಹಾಗಾಗಿ ಸಂಕಲನಕಾರರು ಎಲ್ಲಿ ಬೇಕಾದರೂ ಬಡಿತದ ಮೇಲೆ ಕತ್ತರಿಸಬಹುದು. ಅದೇ 128ಕ್ಕೆ ಹೋದರೆ ಬಡಿತಕ್ಕೆ 11.25 ಫ್ರೇಮು ಆಗುತ್ತದೆ. ಕತ್ತರಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಜಾರುತ್ತ ಹೋಗುತ್ತದೆ.

ಇದಕ್ಕಿಂತಲೂ ಮುಖ್ಯವಾದ ಲಾಭ ಸಂಭಾಷಣೆ ಬರೆಯುವವರಿಗೆ ಇದೆ. ಕ್ಲಬ್ಬಿನ ಸಂಗೀತ ಸಾಮಾನ್ಯವಾಗಿ ಎಂಟು, ಹದಿನಾರು ಆವರ್ತಗಳ ಕಟ್ಟುಗಳಲ್ಲಿ ಸಾಗುತ್ತದೆ. ನಡುವೆ ಒಮ್ಮೆ ಡ್ರಮ್ ನಿಂತು ತೆಳುವಾದ ಸ್ವರಗಳು ಮಾತ್ರ ಉಳಿಯುತ್ತವೆ, ಆಮೇಲೆ ಬಡಿತ ಏರಿ ಬಂದು ಅಪ್ಪಳಿಸುತ್ತದೆ. ನಾಲ್ಕು ಬಡಿತದ ಒಂದು ಆವರ್ತಕ್ಕೆ 120ರ ವೇಗದಲ್ಲಿ 2 ಸೆಕೆಂಡು ಬೇಕು. ಹದಿನಾರು ಆವರ್ತಗಳ ಆ ಶಾಂತ ಭಾಗ 32 ಸೆಕೆಂಡು ಇರುತ್ತದೆ. ಅಂದರೆ ಇಡೀ ಹಾಡಿನಲ್ಲಿ ನಿಮ್ಮ ಪಾತ್ರಗಳು ಕೂಗದೆ ಮಾತಾಡಲು ಸಿಗುವ ಅವಕಾಶ 32 ಸೆಕೆಂಡು ಮಾತ್ರ. ಆ ಮಿತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಾಗ ಸಂಭಾಷಣೆ ತಾನಾಗಿಯೇ ಬಿಗಿಯಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಾಸನದ ಕಡೆಯ ಇಬ್ಬರು ಗೆಳತಿಯರು ಕೋರಮಂಗಲದ ಪಿಜಿಯಲ್ಲಿ ಒಂದೇ ಕೋಣೆಯಲ್ಲಿ ಇದ್ದಾರೆ. ಒಬ್ಬಳ ಕೆಲಸ ಹೋಗಿ ಎರಡು ವಾರವಾಗಿದೆ, ಮನೆಯವರಿಗೆ ಇನ್ನೂ ಹೇಳಿಲ್ಲ. ಇನ್ನೊಬ್ಬಳ ಸಂಬಳ ಏರಿದ ಸಂತೋಷಕ್ಕೆ ಇಬ್ಬರೂ ಕ್ಲಬ್ಬಿಗೆ ಬಂದಿದ್ದಾರೆ. ಸಂಗೀತ ಜೋರಾಗಿರುವಾಗ ಮೊದಲನೆಯವಳ ಕಿವಿಯ ಬಳಿ ಬಾಗಿ ಗೆಳತಿ ಕೇಳುತ್ತಾಳೆ: ‘ಅಮ್ಮಂಗೆ ಹೇಳಿದ್ಯೇನೇ?’ ಅವಳಿಗೆ ಕೇಳಿಸುವುದಿಲ್ಲ. ‘ಏನು?’ ಎನ್ನುತ್ತಾಳೆ. ಗೆಳತಿ ಇನ್ನೂ ಜೋರಾಗಿ, ‘ಕೆಲಸ ಹೋಗಿದ್ದು! ಅಮ್ಮಂಗೆ ಹೇಳಿದ್ಯೇನೇ ಅಂದೆ!’ ಎನ್ನುವ ಹೊತ್ತಿಗೆ ಸರಿಯಾಗಿ ಡ್ರಮ್ ನಿಲ್ಲುತ್ತದೆ, ಪಕ್ಕದ ಮೇಜಿನಲ್ಲಿ ಕುಳಿತ ಹಳೆಯ ಸಹೋದ್ಯೋಗಿಗಳಿಬ್ಬರು ತಿರುಗಿ ನೋಡುತ್ತಾರೆ. ಮುಂದಿನ 32 ಸೆಕೆಂಡು ಇಬ್ಬರಿಗೂ ಮಾತು ಕೇಳುತ್ತದೆ, ಆದರೆ ಆಡಲು ಯಾರಿಗೂ ಬಾಯಿ ಬರುವುದಿಲ್ಲ. ಬಡಿತ ಏರಿ ಮತ್ತೆ ಅಪ್ಪಳಿಸುವ ಒಂದು ಕ್ಷಣ ಮುಂಚೆ ಕೆಲಸ ಕಳೆದುಕೊಂಡವಳು ಒಂದು ವಾಕ್ಯ ಹೇಳುತ್ತಾಳೆ, ಅದರ ಕೊನೆಯ ಪದ ಸಂಗೀತದಲ್ಲಿ ಮುಳುಗುತ್ತದೆ. ಗುಟ್ಟನ್ನು ಕೂಗಿ ಹೇಳಬೇಕಾದ ಜಾಗ ಇದೊಂದೇ ಇರಬೇಕು, ಮತ್ತು ಹೀಗೆ ಬರೆದ ದೃಶ್ಯವನ್ನು ಹೋಟೆಲಿಗೋ ಬಸ್ ನಿಲ್ದಾಣಕ್ಕೋ ಎತ್ತಿ ಇಡಲಾಗುವುದಿಲ್ಲ.

ಮಾತು ಎಷ್ಟು ಕೇಳಬೇಕು ಎಂಬ ಬಗ್ಗೆ ಎರಡು ಪದ್ಧತಿಗಳಿವೆ. ಸ್ಟಿಲ್‌ಮನ್ ಚಿತ್ರದಲ್ಲಿ ಹಾಡು ಹಿನ್ನೆಲೆಗೆ ಸರಿಯುತ್ತದೆ, ಪಾತ್ರಗಳು ಡ್ರಾಯಿಂಗ್ ರೂಮಿನಲ್ಲಿ ಕುಳಿತವರಂತೆ ಉದ್ದುದ್ದ ವಾಕ್ಯಗಳಲ್ಲಿ ಮಾತಾಡುತ್ತಾರೆ. ಡೇವಿಡ್ ಫಿಂಚರ್ ಅವರ 2010ರ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರದ ಕ್ಲಬ್ ದೃಶ್ಯದಲ್ಲಿ ಹಾಗಲ್ಲ. ಅಲ್ಲಿ ಸಂಗೀತ ಕೊನೆಯವರೆಗೂ ಜೋರಾಗಿಯೇ ಇದ್ದು, ಇಬ್ಬರು ನಟರು ಅದರ ಮೇಲೆ ಕೂಗಿ ಮಾತಾಡುತ್ತಾರೆ, ನೋಡುಗರೂ ಕಿವಿಗೊಟ್ಟು ಮುಂದಕ್ಕೆ ಬಾಗಬೇಕಾಗುತ್ತದೆ. ಎರಡೂ ಸರಿಯಾದ ಪದ್ಧತಿಗಳೇ. ಕನ್ನಡಕ್ಕೆ ನಾನು ಎರಡನೆಯದನ್ನು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅದನ್ನು ಪ್ರಯತ್ನಿಸಿದವರು ವಿರಳ, ಮತ್ತು ಮೇಲೆ ಹೇಳಿದಂಥ ಗುಟ್ಟಿನ ದೃಶ್ಯಕ್ಕೆ ಅದೇ ಒಪ್ಪುತ್ತದೆ.

ಸೆಟ್ಟಿನಲ್ಲಿ ಶಬ್ದ

ಮಾತಿರುವ ಶಾಟ್‌ಗಳನ್ನು ತೆಗೆಯುವಾಗ ಸೆಟ್ಟಿನಲ್ಲಿ ಸಂಗೀತ ಇರಕೂಡದು. ಸಂಗೀತದ ಜೊತೆಯಲ್ಲಿ ರೆಕಾರ್ಡ್ ಆದ ಮಾತನ್ನು ಆಮೇಲೆ ಶುದ್ಧವಾಗಿ ಬಿಡಿಸುವುದು ಕಷ್ಟ, ಮತ್ತು ಎರಡು ಟೇಕ್‌ಗಳ ನಡುವೆ ಕತ್ತರಿಸಿದಾಗ ಹಾಡು ಎಗರಿ ಬೀಳುತ್ತದೆ. ಆದ್ದರಿಂದ ಹೀಗೆ ಮಾಡಿ: ಸೆಟ್ಟಿನಲ್ಲಿ ಹಾಡು ಕೇಳಿಸುವ ಯಂತ್ರವಾದ ನಾಗ್ರಾದಲ್ಲಿ ಹಾಡನ್ನು ಅರ್ಧ ನಿಮಿಷ ಜೋರಾಗಿ ಹಾಕಿ, ಎಲ್ಲರೂ ಲಯ ಹಿಡಿದ ಮೇಲೆ ಹಾಡನ್ನು ನಿಲ್ಲಿಸಿ, ಒಂದು ಸಬ್‌ವೂಫರಿನಲ್ಲಿ ಸುಮಾರು 40 ಹರ್ಟ್ಸ್‌ನ ಬರಿಯ ‘ಧಂ, ಧಂ’ ಬಡಿತವನ್ನು ಮಾತ್ರ ಮುಂದುವರಿಸಿ. ಅಷ್ಟು ಕೆಳಗಿನ ಶಬ್ದ ಕಾಲಿಗೆ ತಾಗುತ್ತದೆ, ಕುಣಿಯುವವರಿಗೆ ಸಾಕಾಗುತ್ತದೆ. ಮನುಷ್ಯರ ಮಾತು ಬಹುಮಟ್ಟಿಗೆ 80 ಹರ್ಟ್ಸ್‌ನ ಮೇಲೆಯೇ ಇರುವುದರಿಂದ ಅದರ ಕೆಳಗಿನದನ್ನು ಫಿಲ್ಟರ್ ಹಾಕಿ ತೆಗೆದುಬಿಡಬಹುದು. ಸಬ್‌ವೂಫರ್ ಇಲ್ಲದಿದ್ದರೆ ಸಹಾಯಕ ನಿರ್ದೇಶಕರೊಬ್ಬರು ಕ್ಯಾಮೆರಾದ ಹಿಂದೆ ನಿಂತು, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು, ಟಾರ್ಚನ್ನು ಲಯಕ್ಕೆ ಸರಿಯಾಗಿ ಆಡಿಸುತ್ತಿದ್ದರೂ ನಡೆಯುತ್ತದೆ.

ಆಗ ಬರುವ ಕಷ್ಟವೆಂದರೆ ನಟರ ದನಿ ತಗ್ಗಿಬಿಡುವುದು. ಗದ್ದಲದಲ್ಲಿ ನಾವು ಅರಿಯದೆಯೇ ದನಿ ಎತ್ತುತ್ತೇವೆ, ಪದಗಳನ್ನು ಎಳೆಯುತ್ತೇವೆ, ಕುತ್ತಿಗೆಯ ನರ ಉಬ್ಬುತ್ತದೆ, ಮುಖವನ್ನು ಎದುರಿನವರ ಕಿವಿಗೆ ತಿರುಗಿಸುತ್ತೇವೆ. ನಿಶ್ಶಬ್ದವಾದ ಸೆಟ್ಟಿನಲ್ಲಿ ಇವೆಲ್ಲ ಎರಡೇ ನಿಮಿಷದಲ್ಲಿ ಮಾಯವಾಗಿ, ನಟರು ಪಿಸುಗುಡತೊಡಗುತ್ತಾರೆ. ಪ್ರತಿ ಟೇಕಿಗೆ ಮುಂಚೆ ಹಾಡನ್ನು ಪೂರ್ತಿ ಜೋರಿನಲ್ಲಿ ಹಾಕಿ, ಅದರ ಮೇಲೆ ಅವರ ಮೊದಲ ವಾಕ್ಯವನ್ನು ಹೇಳಿಸಿ, ಅದೇ ಎತ್ತರದಲ್ಲಿ ಮುಂದುವರಿಯುವಂತೆ ಕೇಳಿಕೊಳ್ಳಿ. ಡಬ್ಬಿಂಗ್ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಡಬ್ಬಿಂಗ್ ಥಿಯೇಟರಿನಲ್ಲಿ ಸೆಟ್ಟಿನಲ್ಲಿ ರೆಕಾರ್ಡ್ ಆದ ಮಾತನ್ನು, ಅಂದರೆ ಬರಿಯ ಪೈಲಟ್ ಟ್ರ್ಯಾಕನ್ನು, ಕೇಳಿಸಿದರೆ ನಟರು ಮನೆಯೊಳಗೆ ಆಡುವ ದನಿಯಲ್ಲಿ ಡಬ್ ಮಾಡುತ್ತಾರೆ, ಮತ್ತು ಕೊನೆಯ ಮಿಶ್ರಣದಲ್ಲಿ ಅದನ್ನು ಎಷ್ಟೇ ಎತ್ತರಿಸಿದರೂ ಕೂಗಿದ ಮಾತಾಗುವುದಿಲ್ಲ. ಅವರ ಹೆಡ್‌ಫೋನಿನಲ್ಲಿ ಕ್ಲಬ್ಬಿನ ಸಂಗೀತವನ್ನು ಹಾಕಿ ಡಬ್ ಮಾಡಿಸಿ. ವ್ಯತ್ಯಾಸ ಮೊದಲ ವಾಕ್ಯದಲ್ಲೇ ತಿಳಿಯುತ್ತದೆ.

ಕುಣಿಯುವವರ ಕಾಲಿನ ಸಪ್ಪಳವೂ ಮಾತನ್ನು ಕೆಡಿಸುತ್ತದೆ. ಫ್ರೇಮಿನಲ್ಲಿ ಕಾಲು ಕಾಣದ ಶಾಟ್‌ಗಳಲ್ಲಿ ಚಪ್ಪಲಿ, ಶೂ ಬಿಡಿಸಿ, ನೆಲಕ್ಕೆ ಜಮಖಾನ ಹಾಸಿ. ಬಳೆ, ಉದ್ದನೆಯ ಸರಗಳನ್ನು ಹಿಂದಿನ ಸಾಲಿನವರಿಂದ ತೆಗೆಸಿಡಿ. ಹಿನ್ನೆಲೆಯವರೆಲ್ಲ ತುಟಿ ಆಡಿಸಬೇಕು, ದನಿ ಮಾಡಬಾರದು. ಎಲ್ಲ ಮುಗಿದ ಮೇಲೆ ಐದು ನಿಮಿಷ ಅವರನ್ನೇ ನಿಲ್ಲಿಸಿ, ಕ್ಯಾಮೆರಾ ಇಲ್ಲದೆ, ನಿಜವಾಗಿ ಕೂಗಿಸಿ, ನಗಿಸಿ, ಹೆಸರು ಹಿಡಿದು ಕರೆಸಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಮಾತಾಡುವ ಭಾಷೆಗಳ ಬೆರಕೆಯೇ ನಿಮ್ಮ ಕ್ಲಬ್ ಬೆಂಗಳೂರಿನಲ್ಲಿದೆ ಎಂದು ಹೇಳುತ್ತದೆ. ಕೊಂಡುತಂದ ಸೌಂಡ್ ಎಫೆಕ್ಟಿನ ಗದ್ದಲಕ್ಕೆ ಊರು ಇರುವುದಿಲ್ಲ.

ಮಾತಿಲ್ಲದ ಅಗಲವಾದ ಶಾಟ್‌ಗಳನ್ನು ಮಾತ್ರ ಹಾಡು ಹಾಕಿಯೇ ತೆಗೆಯಿರಿ. ಆಗಲೂ ಸ್ಪೀಕರನ್ನು ಪೂರ್ತಿ ತಿರುಗಿಸುವುದು ಬೇಡ. ಮನರಂಜನೆಯ ಜಾಗಗಳಲ್ಲಿ ಸರಾಸರಿ ಶಬ್ದ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕ್ಲಬ್ಬಿಗೆ ಬಂದವರು ಎರಡು ಗಂಟೆ ಇದ್ದು ಹೋಗುತ್ತಾರೆ, ನಿಮ್ಮ ಲೈಟ್‌ಬಾಯ್‌ಗಳು ಇಡೀ ಕಾಲ್‌ಶೀಟ್ ಅಲ್ಲಿಯೇ ನಿಂತಿರುತ್ತಾರೆ. ಅವರ ಕಿವಿಗೆ ಹಾಕಲು ಫೋಮಿನ ಪ್ಲಗ್‌ಗಳನ್ನು ಪ್ರೊಡಕ್ಷನ್ ಲೆಕ್ಕದಲ್ಲಿಯೇ ತರಿಸಿ.

ಜಾಗ ಮತ್ತು ಅನುಮತಿ

ನಿಜವಾದ ಕ್ಲಬ್ಬೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ‘ದಿ ಲಾಸ್ಟ್ ಡೇಸ್ ಆಫ್ ಡಿಸ್ಕೋ’ದ ಕ್ಲಬ್ಬಿನ ಒಳಾಂಗಣ ಜೆರ್ಸಿ ಸಿಟಿಯ ಲೋಯೂಸ್ ಎಂಬ ಹಳೆಯ ಚಿತ್ರಮಂದಿರದಲ್ಲಿ ತಯಾರಾಯಿತು. ನಮ್ಮಲ್ಲಿಯೂ ಬಾಗಿಲು ಮುಚ್ಚಿದ ಚಿತ್ರಮಂದಿರಗಳು, ಖಾಲಿ ಗೋದಾಮುಗಳು, ಕಲ್ಯಾಣ ಮಂಟಪಗಳ ಊಟದ ಹಾಲ್‌ಗಳು ಇವೆ. ಕತ್ತಲೆ ಮತ್ತು ಎತ್ತರದ ಸೂರು ಇದ್ದರೆ ಉಳಿದದ್ದನ್ನು ಕಟ್ಟಿಕೊಳ್ಳಬಹುದು. ನಿಜವಾದ ಪಬ್ಬನ್ನೇ ಬಾಡಿಗೆಗೆ ಪಡೆಯುವುದಾದರೆ ಸೋಮವಾರದಿಂದ ಬುಧವಾರದವರೆಗಿನ ಹಗಲು ಹೊತ್ತನ್ನು ಕೇಳಿ. ಗಿರಾಕಿಗಳು ಕಡಿಮೆ ಇರುವ ಹೊತ್ತಾದ್ದರಿಂದ ಬಾಡಿಗೆಯಲ್ಲಿ ಮಾತಾಡಲು ಅವಕಾಶ ಇರುತ್ತದೆ, ತಂಡವೂ ರಾತ್ರಿ ನಿದ್ದೆಗೆಡುವುದಿಲ್ಲ. ಕಿಟಕಿಗಳಿಗೆ ದಪ್ಪನೆಯ ಕಪ್ಪು ಬಟ್ಟೆ ಕಟ್ಟಿದರೆ ಒಳಗೆ ನಡುರಾತ್ರಿ. ಜಾಗ ನೋಡಲು ಹೋದಾಗ ಫ್ರಿಜ್‌ಗಳ ಮೋಟಾರು, ಏಸಿ ಮತ್ತು ಅಡುಗೆಮನೆಯ ಎಗ್ಸಾಸ್ಟ್ ಫ್ಯಾನುಗಳನ್ನು ಆರಿಸಲು ಆಗುತ್ತದೆಯೇ ಎಂದು ಮೊದಲು ವಿಚಾರಿಸಿ. ಅವು ಆರದಿದ್ದರೆ ಆ ಜಾಗ ಎಷ್ಟೇ ಚೆನ್ನಾಗಿದ್ದರೂ ಮಾತಿನ ದೃಶ್ಯಕ್ಕೆ ಬೇಡ.

ಮಾಲೀಕರೊಂದಿಗೆ ಲಿಖಿತ ಒಪ್ಪಂದ ಇರಲಿ. ಬೆಂಗಳೂರಿನಲ್ಲಿ ಸಂಗೀತ, ಕುಣಿತ ನಡೆಯುವ ಸಾರ್ವಜನಿಕ ಸ್ಥಳಗಳಿಗೆ 2005ರ ಪೊಲೀಸ್ ಆದೇಶದ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ, ಆ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದಿದೆ. ಮಾಲೀಕರು ತಮ್ಮ ಪರವಾನಗಿಯ ಬಗ್ಗೆ ಹುಷಾರಾಗಿರುವುದು ಸಹಜ, ಆದ್ದರಿಂದ ಅವರ ಫಲಕ, ಮದ್ಯದ ಬ್ರ್ಯಾಂಡುಗಳು, ನಿಜವಾದ ಗಿರಾಕಿಗಳು ಯಾವುದೂ ಫ್ರೇಮಿನಲ್ಲಿ ಬರುವುದಿಲ್ಲವೆಂದು ಬರೆದುಕೊಡಿ ಮತ್ತು ಹಾಗೆಯೇ ನಡೆದುಕೊಳ್ಳಿ. ಹೊರಗಿನ ರಸ್ತೆಯ ದೃಶ್ಯಗಳಿಗೆ ನಗರ ಪಾಲಿಕೆ ಮತ್ತು ಸಂಚಾರ ಪೊಲೀಸರ ಅನುಮತಿ ಬೇರೆಯಾಗಿ ಬೇಕು.

ಬೆಳಕು

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅದರಲ್ಲಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. 24 ಫ್ರೇಮಿನಲ್ಲಿ ತೆಗೆಯುವಾಗ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತನ್ನು ಗೊತ್ತುಮಾಡುವ ಷಟರ್ 180 ಡಿಗ್ರಿಯಲ್ಲೇ ಇದ್ದರೆ ಚಿತ್ರ ಮಿನುಗುವ ಸಾಧ್ಯತೆ ಇದೆ, 172.8 ಡಿಗ್ರಿಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಟ್ಟರೆ ಆ ತೊಂದರೆ ನೀಗುತ್ತದೆ. ಪಬ್ಬಿನ ಅಗ್ಗದ ಎಲ್‌ಇಡಿ ಪಟ್ಟಿಗಳು ಮಂದ ಮಾಡಿದಾಗ ಬೇರೆ ಬಗೆಯ ಪಟ್ಟೆಗಳನ್ನು ಮೂಡಿಸುತ್ತವೆ, ಅದನ್ನು ಮುಂಚಿತವಾಗಿ ಅದೇ ಕ್ಯಾಮೆರಾದಲ್ಲಿ ಪರೀಕ್ಷಿಸಿ ನೋಡುವುದೊಂದೇ ದಾರಿ. ಲೇಸರ್ ಕಿರಣ ನೇರವಾಗಿ ಲೆನ್ಸಿಗೆ ಬಿದ್ದರೆ ಸೆನ್ಸರ್ ಸುಟ್ಟುಹೋಗಬಹುದು. ಬಾಡಿಗೆ ಕ್ಯಾಮೆರಾದಲ್ಲಿ ಆ ಅಪಾಯಕ್ಕೆ ಕೈ ಹಾಕಬೇಡಿ.

ಗಾಢವಾದ ನೀಲಿ ಮತ್ತು ಕೆಂಪು ದೀಪದ ಕೆಳಗೆ ನಮ್ಮ ಮೈಬಣ್ಣದ ಮುಖಗಳು ಮಸಿಯಂತೆ ಕಾಣುತ್ತವೆ, ಕಣ್ಣುಗಳು ಎಲ್ಲಿವೆ ಎಂಬುದೇ ತಿಳಿಯುವುದಿಲ್ಲ. ಮುಖ ಕಾಣದಿದ್ದರೆ ಮಾತೂ ಅರ್ಧ ಕೇಳುವುದಿಲ್ಲ, ಏಕೆಂದರೆ ಗದ್ದಲದಲ್ಲಿ ನೋಡುಗರು ತುಟಿ ನೋಡಿಯೇ ಪದವನ್ನು ಹಿಡಿಯುತ್ತಾರೆ. ಆದ್ದರಿಂದ ಬಣ್ಣವನ್ನು ಹಿನ್ನೆಲೆಗೆ ಬಿಡಿ, ಮಾತಾಡುವವರ ಮುಖಕ್ಕೆ ಮಾತ್ರ ಸಣ್ಣದೊಂದು ಬೆಚ್ಚನೆಯ ಬೆಳಕು ಇರಲಿ. ಅದು ಬಾರ್ ಕೌಂಟರಿನ ದೀಪವಾಗಿರಬಹುದು, ಮೇಜಿನ ಮೇಲಿನ ಮೇಣದಬತ್ತಿಯಾಗಿರಬಹುದು, ಬಿಲ್ ನೋಡಲು ಹಚ್ಚಿದ ಫೋನಿನ ಟಾರ್ಚ್ ಆಗಿರಬಹುದು. ನಮ್ಮ ಹಾಸನದ ಹುಡುಗಿಯ ಮುಖ ಅಮ್ಮನ ಕರೆ ಬಂದ ಫೋನಿನ ಬೆಳಕಿನಲ್ಲಿ ಕಾಣಿಸಿಕೊಂಡರೆ ಬೇರೆ ದೀಪದ ಅಗತ್ಯವೇ ಇಲ್ಲ.

ಹೊಗೆ ಹಾಕುವುದಾದರೆ ತೆಳುವಾಗಿ ಹರಡುವ ಹೇಜ್ ಯಂತ್ರವನ್ನು ತನ್ನಿ. ಅದು ಕೋಣೆಯೆಲ್ಲ ಸಮವಾಗಿ ಕೂರಲು ಹೊತ್ತು ಹಿಡಿಯುತ್ತದೆ, ಮತ್ತು ಒಂದು ಶಾಟಿನಲ್ಲಿ ದಟ್ಟವಾಗಿ ಇನ್ನೊಂದರಲ್ಲಿ ತೆಳುವಾಗಿ ಇದ್ದರೆ ಕಂಟಿನ್ಯುಟಿ ಹಾಳು. ಬೆಂಕಿ ಎಚ್ಚರಿಕೆಯ ಗಂಟೆಯನ್ನು ಮಾಲೀಕರ ಒಪ್ಪಿಗೆಯಿಂದ ನಿಲ್ಲಿಸಿದ್ದರೆ, ಅದು ನಿಂತಿರುವಷ್ಟು ಹೊತ್ತೂ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬರು ಬಾಗಿಲ ಬಳಿ ಇರಲೇಬೇಕು. ಯಾವ ಬಾಗಿಲಿಗೂ ಬೀಗ ಹಾಕುವುದು ಬೇಡ. ಕಪ್ಪು ಬಟ್ಟೆಯಿಂದ ಮುಚ್ಚಿದ ತುರ್ತು ಬಾಗಿಲು ಎಲ್ಲಿದೆ ಎಂದು ಎಲ್ಲರಿಗೂ ತೋರಿಸಿ.

ಜನ ಮತ್ತು ಲೋಟ

ನಲವತ್ತು ಜನ ಸಹಕಲಾವಿದರನ್ನು ಇನ್ನೂರು ಜನರಂತೆ ತೋರಿಸಬಹುದು. ಉದ್ದ ಲೆನ್ಸ್ ಹಾಕಿ, ಎಲ್ಲರನ್ನೂ ಕ್ಯಾಮೆರಾದ ನೇರಕ್ಕೆ ಒಬ್ಬರ ಹಿಂದೊಬ್ಬರು ಬರುವಂತೆ ನಿಲ್ಲಿಸಿ, ಹಿಂದಿನ ಗೋಡೆಯನ್ನು ಕತ್ತಲಲ್ಲಿ ಬಿಡಿ. ಸಹಕಲಾವಿದರನ್ನು ಒದಗಿಸುವ ಸಂಯೋಜಕರು ಕಳಿಸಿದ ಅದೇ ಮುಖಗಳ ಜೊತೆಗೆ ನಿಜವಾಗಿ ಇಂಥ ಕಡೆ ಹೋಗುವ ಗೆಳೆಯರು ಹತ್ತು ಮಂದಿಯಾದರೂ ಇದ್ದರೆ ಕುಣಿತಕ್ಕೆ ಸಹಜತೆ ಬರುತ್ತದೆ. ಎಲ್ಲರೂ ಚೆನ್ನಾಗಿ ಕುಣಿಯಬಾರದು. ನಿಜವಾದ ಕ್ಲಬ್ಬಿನಲ್ಲಿ ಅರ್ಧ ಜನ ಲೋಟ ಹಿಡಿದು ತಲೆಯಾಡಿಸುತ್ತ ನಿಂತಿರುತ್ತಾರೆ, ಕೆಲವರು ಫೋನ್ ನೋಡುತ್ತಿರುತ್ತಾರೆ, ಒಬ್ಬರು ಎಲ್ಲರ ಬ್ಯಾಗುಗಳನ್ನು ಕಾಯುತ್ತಿರುತ್ತಾರೆ.

ಲೋಟದಲ್ಲಿ ಮದ್ಯ ಬೇಡವೇ ಬೇಡ. ಹಾಲಿಲ್ಲದ ಟೀ ಡಿಕಾಕ್ಷನ್ ವಿಸ್ಕಿಯಾಗುತ್ತದೆ, ಮದ್ಯಸಾರವಿಲ್ಲದ ಬಿಯರ್ ನೊರೆ ಸಮೇತ ಬಿಯರಾಗುತ್ತದೆ. ಐಸ್ ಕರಗಿ ಟೇಕಿನಿಂದ ಟೇಕಿಗೆ ಲೋಟದ ಮಟ್ಟ ಬದಲಾಗುವುದರಿಂದ ಅಕ್ರಿಲಿಕ್ ತುಂಡುಗಳನ್ನು ಬಳಸಿ. ತಾವು ಕುಡಿಯುತ್ತಿಲ್ಲ ಎಂದು ಗೊತ್ತಿರುವ ನಟರೇ ಅಮಲನ್ನು ಚೆನ್ನಾಗಿ ಅಭಿನಯಿಸುತ್ತಾರೆ. ಸಹಕಲಾವಿದೆಯರಿಗೆ ಬಟ್ಟೆ ಬದಲಾಯಿಸಲು ಬಾಗಿಲು ಹಾಕಿಕೊಳ್ಳುವಂಥ ಕೋಣೆ, ಕೆಲಸ ತಡವಾದರೆ ಮನೆಯವರೆಗೆ ವಾಹನ, ಇವು ಬಜೆಟ್ಟಿನಲ್ಲಿ ಮೊದಲೇ ಸೇರಿರಬೇಕು.

ಹಕ್ಕುಗಳು, ಪ್ರಮಾಣಪತ್ರ, ಕೊನೆಯ ಮಿಶ್ರಣ

ಕ್ಲಬ್ಬಿನವರು ಹಾಡು ಹಾಕಲು ಹಣ ಕಟ್ಟಿ ಪರವಾನಗಿ ಪಡೆದಿದ್ದಾರೆ ಎಂದ ಮಾತ್ರಕ್ಕೆ ಆ ಹಾಡು ನಿಮ್ಮ ಚಿತ್ರಕ್ಕೆ ಬರುವುದಿಲ್ಲ. ಅದು ಸಾರ್ವಜನಿಕವಾಗಿ ನುಡಿಸುವ ಹಕ್ಕು. ಚಿತ್ರದ ಜೊತೆ ಕೂಡಿಸುವುದಕ್ಕೆ ಧ್ವನಿಮುದ್ರಣದ ಒಡೆಯರಿಂದಲೂ ರಚನೆಯ ಒಡೆಯರಿಂದಲೂ ಬೇರೆ ಅನುಮತಿ ಬೇಕು. ಹೊಸ ಸಂಗೀತಗಾರರಿಂದ 120ರ ವೇಗದಲ್ಲಿ ಕನ್ನಡದ ಒಂದು ಹೊಸ ಹಾಡನ್ನು ಮಾಡಿಸುವುದು ಅದಕ್ಕಿಂತ ಅಗ್ಗ, ಮತ್ತು ಡಿಜೆಯ ಬಳಿ ಹೋಗಿ ಕನ್ನಡ ಹಾಡು ಹಾಕಿ ಎಂದು ಕೇಳುವ ಹುಡುಗರು ಈ ಊರಿನ ನಿಜವಾದ ಪಾತ್ರಗಳು.

ಯಾರಾದರೂ ಸಿಗರೇಟು ಹಚ್ಚಿದರೆ ಆ ದೃಶ್ಯದುದ್ದಕ್ಕೂ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಬರಬೇಕು, ಜೊತೆಗೆ ಚಿತ್ರದ ಆರಂಭದಲ್ಲಿಯೂ ಮಧ್ಯದಲ್ಲಿಯೂ ಕನಿಷ್ಠ 30 ಸೆಕೆಂಡಿನ ತಂಬಾಕು ವಿರೋಧಿ ತುಣುಕುಗಳು ಇರಬೇಕು. ಕ್ಲಬ್ ದೃಶ್ಯದಲ್ಲಿ ಆ ಸಾಲು ನೋಡುಗರ ಕಣ್ಣನ್ನು ಮುಖದಿಂದ ಕೆಳಕ್ಕೆ ಎಳೆಯುತ್ತದೆ. ಕಥೆಗೆ ಅನಿವಾರ್ಯವಲ್ಲದಿದ್ದರೆ ಸಿಗರೇಟನ್ನೇ ಬಿಟ್ಟುಬಿಡಿ. ಯುಎ ಪ್ರಮಾಣಪತ್ರದಲ್ಲಿ ಈಗ 7+, 13+, 16+ ಎಂಬ ಮೂರು ಹಂತಗಳಿರುವುದರಿಂದ ಯಾವ ಹಂತಕ್ಕೆ ಕೇಳುತ್ತೀರಿ ಎಂದು ಬರೆಯುವಾಗಲೇ ಯೋಚಿಸಿ. ಸ್ಟ್ರೋಬ್ ದೀಪ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿಂಚಿದರೆ ಅಪಸ್ಮಾರ ಇರುವ ಕೆಲವರಿಗೆ ಸೆಳವು ಬರಬಹುದು. ಚಿತ್ರೀಕರಣಕ್ಕೆ ಮುಂಚೆ ತಂಡದವರಿಗೆ ತಿಳಿಸಿ, ಚಿತ್ರದ ಮೊದಲಿಗೆ ಎಚ್ಚರಿಕೆಯ ಬರಹ ಹಾಕಿ, ಮತ್ತು ಆ ಮಿಂಚನ್ನು ಕೆಲವೇ ಕ್ಷಣಗಳಿಗೆ ಮುಗಿಸಿ.

ಮಿಶ್ರಣದ ಹೊತ್ತಿಗೆ ಮಾತು ಕೇಳುತ್ತಿಲ್ಲ ಎಂದು ಅನ್ನಿಸಿದರೆ ಇಡೀ ಹಾಡನ್ನು ತಗ್ಗಿಸಿಬಿಡುವುದು ಎಲ್ಲರ ಮೊದಲ ಯೋಚನೆ, ಆದರೆ ಹಾಗೆ ಮಾಡಿದ ಕೂಡಲೇ ಕ್ಲಬ್ ಖಾಲಿ ಕೋಣೆಯಾಗುತ್ತದೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್‌ನ ನಡುವೆ. ಮಾತು ಬರುವ ಕ್ಷಣಗಳಲ್ಲಿ ಹಾಡಿನ ಆ ಭಾಗವನ್ನು ಮಾತ್ರ ಮೂರು ನಾಲ್ಕು ಡೆಸಿಬೆಲ್ ತಗ್ಗಿಸಿ, ಕೆಳಗಿನ ಬಡಿತವನ್ನು ಹಾಗೆಯೇ ಬಿಡಿ. ಎದೆಗೆ ತಾಗುವ ಜೋರು ಉಳಿಯುತ್ತದೆ, ಪದವೂ ಕೇಳುತ್ತದೆ. ಆಮೇಲೆ ಚಿತ್ರಕಥೆ ಓದಿರದ ಇಬ್ಬರನ್ನು ಕೂರಿಸಿ, ಒಮ್ಮೆ ಸ್ಟುಡಿಯೋ ಸ್ಪೀಕರಿನಲ್ಲಿ, ಒಮ್ಮೆ ಫೋನಿನಲ್ಲಿ ಆ ದೃಶ್ಯವನ್ನು ತೋರಿಸಿ, ಯಾವ ವಾಕ್ಯ ಕೇಳಿಸಲಿಲ್ಲವೆಂದು ಬರೆಸಿಕೊಳ್ಳಿ. ಇಬ್ಬರೂ ಬರೆದ ವಾಕ್ಯ ಒಂದೇ ಆಗಿದ್ದರೆ ಆ ಒಂದನ್ನು ಮತ್ತೆ ಡಬ್ ಮಾಡಿಸಿ.